ಕಠಿಣ ವಿಷಯಕ್ಕೆ ಜೊತೆಗಾರರ ತರಗತಿ

ಪ್ರತಿ ಕಾಲೇಜಿನಲ್ಲೂ ಒಂದೆರಡು ವಿಷಯಗಳಿಗೆ ಕೆಟ್ಟ ಹೆಸರು ಅಂಟಿಕೊಂಡಿರುತ್ತದೆ. ಇಂಜಿನಿಯರಿಂಗ್ ಮೊದಲ ವರ್ಷದ ಗಣಿತ, ಬಿ.ಕಾಂ.ನ ಕಾಸ್ಟ್ ಅಕೌಂಟಿಂಗ್, ನರ್ಸಿಂಗ್‌ನ ಅನಾಟಮಿ ಇಂಥವು. ಮೇಷ್ಟ್ರು ಬದಲಾಗುತ್ತಾರೆ, ಬ್ಯಾಚ್ ಬದಲಾಗುತ್ತದೆ. ಫೇಲಾಗುವವರ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ರಿಸಲ್ಟ್ ಬಂದ ದಿನ ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮಾತೂ ಅದೇ: ‘ಈ ಸಲದ ಬ್ಯಾಚ್ ವೀಕು.’ ಬ್ಯಾಚ್ ಪ್ರತಿ ವರ್ಷ ಹೊಸದಾಗಿ ಬರುತ್ತಿದ್ದರೂ ಫೇಲಾಗುವುದು ಅದೇ ವಿಷಯದಲ್ಲಿ ಎಂದಾದರೆ, ಹುಡುಕಬೇಕಾದ ಜಾಗ ಬೇರೆ ಇದೆ.

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್ಸಿನಲ್ಲಿ 1973ರಲ್ಲಿ ಡಿಯಾನ್ನಾ ಮಾರ್ಟಿನ್ ಹುಡುಕಿದ್ದು ಆ ಬೇರೆ ಜಾಗದಲ್ಲೇ. ವೈದ್ಯಕೀಯ, ದಂತವೈದ್ಯಕೀಯ ಮತ್ತು ಫಾರ್ಮಸಿ ಓದುತ್ತಿದ್ದವರಲ್ಲಿ ಅನೇಕರು, ಅದರಲ್ಲೂ ಅಲ್ಪಸಂಖ್ಯಾತ ಸಮುದಾಯಗಳಿಂದ ಬಂದವರು, ನಡುವೆಯೇ ಓದು ಬಿಡುತ್ತಿದ್ದರು. ಒಬ್ಬೊಬ್ಬರಿಗೂ ಟ್ಯೂಷನ್ ಕೊಡಿಸುವುದು ದುಬಾರಿ. ಅದಕ್ಕಿಂತ ದೊಡ್ಡ ತೊಡಕೆಂದರೆ, ಟ್ಯೂಷನ್ ಕೇಳಿಕೊಂಡು ಬರುವವರು ಬರುವುದೇ ಮೊದಲ ಪರೀಕ್ಷೆಯಲ್ಲಿ ಬಿದ್ದ ಮೇಲೆ. ಮಾರ್ಟಿನ್ ರೂಪಿಸಿದ ಕ್ರಮಕ್ಕೆ ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಎಂದು ಹೆಸರಾಯಿತು. ನಾವು ಇಲ್ಲಿ ಅದನ್ನು ಪೂರಕ ಕಲಿಕೆ ಎನ್ನೋಣ. 1981ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆ ಅದನ್ನು ಮಾದರಿ ಕಾರ್ಯಕ್ರಮವೆಂದು ಮಾನ್ಯ ಮಾಡಿತು. ಆಸ್ಟ್ರೇಲಿಯಾದ ವೊಲೊಂಗಾಂಗ್, ಸ್ವೀಡನ್ನಿನ ಲುಂಡ್, ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್ ವಿಶ್ವವಿದ್ಯಾಲಯಗಳು ಮುಂದೆ ಅದರ ದೊಡ್ಡ ಕೇಂದ್ರಗಳಾದವು.

ಈ ಕ್ರಮದಲ್ಲಿ ಮೊದಲು ಆರಿಸುವುದು ವಿಷಯವನ್ನು. ಡಿ ಅಥವಾ ಎಫ್ ಗ್ರೇಡ್ ಪಡೆದವರು, ನಡುವೆ ಕೈಬಿಟ್ಟವರು, ಎಲ್ಲ ಸೇರಿ ವರ್ಷ ವರ್ಷವೂ ನೂರಕ್ಕೆ 30 ಅಥವಾ ಹೆಚ್ಚು ಮಂದಿ ಇದ್ದರೆ ಅದು ಕಠಿಣ ವಿಷಯವೆಂದು ಲೆಕ್ಕ. ಆ ವಿಷಯಕ್ಕೆ ಸೇರಿದ ಎಲ್ಲರಿಗೂ, ಮೊದಲ ವಾರದಿಂದಲೇ, ಪೂರಕ ಕಲಿಕೆಯ ಬಾಗಿಲು ತೆರೆದಿರುತ್ತದೆ. ಬರುವುದು ಬಿಡುವುದು ಅವರವರ ಇಷ್ಟ. ಫಸ್ಟ್ ಕ್ಲಾಸಿನವಳೂ ಬರಬಹುದು, ಮೂರು ಸಲ ಕೂತು ಪಾಸಾಗದವನೂ ಬರಬಹುದು. ಯಾರು ಯಾಕೆ ಬಂದರು ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ನಮ್ಮ ಕಾಲೇಜುಗಳ ರೆಮಿಡಿಯಲ್ ಕ್ಲಾಸಿನ ದಾರಿ ಇದಕ್ಕೆ ಪೂರ್ತಿ ವಿರುದ್ಧ. ಮೊದಲ ಇಂಟರ್ನಲ್ಸ್ ಮುಗಿಯುತ್ತದೆ, ಕಡಿಮೆ ಅಂಕದವರ ಪಟ್ಟಿ ತಯಾರಾಗುತ್ತದೆ, ‘ಸ್ಲೋ ಲರ್ನರ್ಸ್’ ಎಂಬ ತಲೆಬರಹದಡಿ ಅದು ನ್ಯಾಕ್ ಫೈಲಿಗೂ ಸೇರುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರು ಸಂಜೆ ನಾಲ್ಕಕ್ಕೆ ತಲೆತಗ್ಗಿಸಿ ಬಂದು ಕೂರುತ್ತಾರೆ, ಮತ್ತೊಮ್ಮೆ ಅದೇ ಪಾಠ ಅದೇ ಧಾಟಿಯಲ್ಲಿ ನಡೆಯುತ್ತದೆ. ಹಾಗೆ ಪಟ್ಟಿ ಮಾಡುವುದು ಕಲಿಕೆಗೆ ಕೆಡುಕು ಎಂದೇ ನಾನು ತಿಳಿದಿದ್ದೇನೆ. ನೆರವು ಬೇಕಾದವರು ಅದರಿಂದಾಗಿ ನೆರವಿನಿಂದಲೇ ದೂರ ಓಡುತ್ತಾರೆ.

ಪೂರಕ ಕಲಿಕೆಗೆ ಹತ್ತಿರದ ಇನ್ನೊಂದು ಕಥೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯದು. 1970ರ ದಶಕದಲ್ಲಿ ಅಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಹಿಂದೆ ಬೀಳುವುದೇಕೆ ಎಂದು ತಿಳಿಯಲು ಹೊರಟರು. ಆಸಕ್ತಿ ಸಾಲದು, ಮನೆಯಲ್ಲಿ ಪ್ರೋತ್ಸಾಹವಿಲ್ಲ, ತಳಪಾಯ ಗಟ್ಟಿಯಿಲ್ಲ ಎಂದೆಲ್ಲ ಅಧ್ಯಾಪಕರು ಕಾರಣ ಕೊಟ್ಟಿದ್ದರು. ವಿದ್ಯಾರ್ಥಿಗಳ ಜೊತೆಯಲ್ಲೇ ಓಡಾಡಿ ನೋಡಿದಾಗ ಇವು ಯಾವುವೂ ನಿಲ್ಲಲಿಲ್ಲ. ಕಂಡದ್ದು ಇಷ್ಟು: ಚೀನೀ ಮೂಲದವರು ಒಟ್ಟಿಗೆ ಕೂತು ಲೆಕ್ಕ ಮಾಡುತ್ತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಗಂಟೆಗಟ್ಟಲೆ ಓದುತ್ತಿದ್ದರು, ಒಬ್ಬೊಬ್ಬರೇ ಓದುತ್ತಿದ್ದರು. ಟ್ರೈಸ್‌ಮನ್ ಕಟ್ಟಿದ ಕಾರ್ಯಾಗಾರದಲ್ಲಿ ಸುಲಭ ಲೆಕ್ಕಗಳನ್ನು ಕೊಡಲಿಲ್ಲ. ಇನ್ನೂ ಕಠಿಣವಾದವನ್ನು ಕೊಟ್ಟು, ಒಟ್ಟಿಗೆ ಬಿಡಿಸಲು ಹೇಳಿದರು.

ಈಗ ಪೂರಕ ಕಲಿಕೆ ನಡೆಸುವವರ ಕಡೆ ಬರೋಣ. ಅದೇ ವಿಷಯವನ್ನು ಹಿಂದಿನ ವರ್ಷ ಚೆನ್ನಾಗಿ ಪಾಸು ಮಾಡಿದ, ಪಾಠ ಮಾಡುವ ಅಧ್ಯಾಪಕರೂ ಒಪ್ಪಿದ ಸೀನಿಯರ್ ಒಬ್ಬರು ಲೀಡರ್ ಆಗುತ್ತಾರೆ. ಅವರು ಜೂನಿಯರ್‌ಗಳ ಜೊತೆ ಮತ್ತೆ ತರಗತಿಗೆ ಹೋಗಿ ಕೂರಬೇಕು, ನೋಟ್ಸ್ ಬರೆಯಬೇಕು. ಇದು ಹಲವರಿಗೆ ದಂಡದ ಕೆಲಸವೆಂದು ಕಾಣುತ್ತದೆ, ಖರ್ಚು ಉಳಿಸಲು ಕಾಲೇಜುಗಳು ಮೊದಲು ಕತ್ತರಿಸುವುದೂ ಇದನ್ನೇ. ಕತ್ತರಿಸಬಾರದು. ಇಂದು ಬೆಳಿಗ್ಗೆ ಮೇಷ್ಟ್ರು ಯಾವ ಉದಾಹರಣೆ ಕೊಟ್ಟರು, ಯಾವ ಹಂತವನ್ನು ಬೇಗ ದಾಟಿದರು, ಎಲ್ಲಿ ಇಡೀ ತರಗತಿ ಪೆನ್ನು ಕೆಳಗಿಟ್ಟಿತು ಎಂಬುದು ಅಲ್ಲಿ ಕೂತವರಿಗೇ ಗೊತ್ತು. ವಾರಕ್ಕೆ ಎರಡು ಮೂರು ಬಾರಿ, ಸುಮಾರು 50 ನಿಮಿಷ ನಡೆಯುವ ಸೆಷನ್ನಿಗೆ ಕಚ್ಚಾ ಸಾಮಗ್ರಿ ಸಿಗುವುದು ಅಲ್ಲಿಂದ. ಲೀಡರ್ ಅಂಕ ಹಾಕುವುದಿಲ್ಲ, ಮೇಷ್ಟ್ರ ಪರವಾಗಿ ಹಾಜರಿ ತೆಗೆದುಕೊಳ್ಳುವುದಿಲ್ಲ, ಪಾಠ ಮಾಡುವುದಂತೂ ಇಲ್ಲವೇ ಇಲ್ಲ.

ಪಾಠ ಮಾಡದೆ ಕಲಿಸುವುದು ಹೇಗೆ? ಮೊದಲ ವರ್ಷದ ರಸಾಯನಶಾಸ್ತ್ರದ ಸೆಷನ್ ಒಂದನ್ನು ಕಣ್ಮುಂದೆ ತಂದುಕೊಳ್ಳಿ. ಬೋರ್ಡಿನ ಮೇಲೆ ಒಂದೇ ಲೆಕ್ಕ: 4 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್ ಕೂಡಿದರೆ ಎಷ್ಟು ಗ್ರಾಂ ನೀರು?

‘ಇಪ್ಪತ್ತು’ ಅನ್ನುತ್ತಾನೆ ಒಬ್ಬ, ಎರಡನ್ನೂ ಕೂಡಿಸಿ.

‘ಅಲ್ಲ ಕಣೋ, ಹೈಡ್ರೋಜನ್ ಕಮ್ಮಿ ಇದೆ, ಅದೇ ಮೊದಲು ಖಾಲಿಯಾಗೋದು. ಎರಡು ಮೋಲ್ ಹೈಡ್ರೋಜನ್‌ಗೆ ಎರಡು ಮೋಲ್ ನೀರು. ಮೂವತ್ತಾರು’ ಅನ್ನುತ್ತಾಳೆ ಇನ್ನೊಬ್ಬಳು.

ಲೀಡರ್‌ಗೆ ಉತ್ತರ ಗೊತ್ತು, ನಾಲಗೆಯ ತುದಿಯಲ್ಲೇ ಇದೆ. ಆದರೂ ಕೇಳುವುದು ಇಷ್ಟೇ: ‘ನಾವು ಹಾಕಿದ್ದು ಒಟ್ಟು ಎಷ್ಟು ಗ್ರಾಂ?’ ಇಪ್ಪತ್ತು. ‘ಹಾಗಾದರೆ ಮೂವತ್ತಾರು ಎಲ್ಲಿಂದ ಬಂತು?’

ಯಾರೂ ಮಾತಾಡುವುದಿಲ್ಲ, ಲೀಡರೂ ಕಾಯುತ್ತಾರೆ. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡ್ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೂ ಸಾಕು, ಉತ್ತರಗಳು ಉದ್ದವಾಗುತ್ತವೆ, ಮಾತಾಡದವರೂ ಮಾತಾಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು. ಇಲ್ಲೂ ಮೂಲೆಯಲ್ಲಿ ಕೂತ ಒಬ್ಬ ನೋಟ್ಸ್ ತಿರುವಿ ಎದ್ದು ಬರುತ್ತಾನೆ. ಹೈಡ್ರೋಜನ್ 4 ಗ್ರಾಂ ಅಂದರೆ 2 ಮೋಲ್, ಆಕ್ಸಿಜನ್ 16 ಗ್ರಾಂ ಅಂದರೆ ಅರ್ಧ ಮೋಲ್. ಒಂದು ಆಕ್ಸಿಜನ್‌ಗೆ ಎರಡು ಹೈಡ್ರೋಜನ್ ಬೇಕು, ಅರ್ಧಕ್ಕೆ ಒಂದೇ ಸಾಕು. ಮೊದಲು ಮುಗಿಯುವುದು ಆಕ್ಸಿಜನ್. ಬರುವ ನೀರು 1 ಮೋಲ್, 18 ಗ್ರಾಂ. ‘ಉಳಿದ 2 ಗ್ರಾಂ ಹೈಡ್ರೋಜನ್ ಹಾಗೇ ಇರುತ್ತೆ. ಹದಿನೆಂಟು, ಎರಡು, ಇಪ್ಪತ್ತು. ನಂದು ಇಲ್ಲಿ ಸೇರ್ತು!’ ಅಂದವನು ಮೊದಲು ತಪ್ಪು ಹೇಳಿದವನೇ. ಲೀಡರ್ ಚಾಕ್‌ಪೀಸನ್ನು ಅವನ ಕೈಗೇ ಕೊಟ್ಟು ಮೊದಲಿನಿಂದ ವಿವರಿಸಲು ಹೇಳುತ್ತಾರೆ. ಆಮೇಲೆ ಒಂದು ಪ್ರಶ್ನೆ: ಪರೀಕ್ಷೆಯಲ್ಲಿ ಈ ಜಾತಿಯ ಲೆಕ್ಕ ಎಂದು ಗುರುತು ಹಿಡಿಯುವುದು ಹೇಗೆ? ಎರಡು ವಸ್ತುಗಳ ಪ್ರಮಾಣವನ್ನೂ ಕೊಟ್ಟಿದ್ದರೆ ಯಾವುದು ಮೊದಲು ಮುಗಿಯುತ್ತದೆ ನೋಡಬೇಕು ಎಂದು ಅವರೇ ಬರೆದುಕೊಳ್ಳುತ್ತಾರೆ. ಲೆಕ್ಕದ ಜೊತೆಗೆ ಓದುವ ಕ್ರಮವೂ ಅಲ್ಲೇ ಕಲಿತಾಯಿತು.

ಕಾರ್ಯಕ್ರಮ ಹಳ್ಳ ಹಿಡಿಯುವುದು ಬಹುತೇಕ ಇಂಥ ಗಳಿಗೆಯಲ್ಲೇ. ಮೌನ ತಡೆಯಲಾರದೆ ಲೀಡರ್ ಉತ್ತರ ಹೇಳಿಬಿಡುತ್ತಾರೆ. ಮರುದಿನ ಎಲ್ಲರೂ ಉತ್ತರಕ್ಕಾಗಿಯೇ ಬರುತ್ತಾರೆ. ತಿಂಗಳೊಳಗೆ ಸೆಷನ್ ಇನ್ನೊಂದು ಟ್ಯೂಷನ್ ಆಗುತ್ತದೆ, ಅನುಭವವಿಲ್ಲದ ಮೇಷ್ಟ್ರ ಟ್ಯೂಷನ್. ಲೀಡರನ್ನು ದೂರಿ ಫಲವಿಲ್ಲ, ಅವರು ತಾವು ಕಂಡಂತೆ ಕಲಿಸುತ್ತಿದ್ದಾರೆ. ಅದಕ್ಕೇ ಸೂಪರ್‌ವೈಸರ್ ಬೇಕು. ಸೆಮಿಸ್ಟರ್ ಶುರುವಾಗುವ ಮುಂಚೆ ತರಬೇತಿ, ಮೊದಲ ಕೆಲವು ವಾರ ಸೆಷನ್ನುಗಳಲ್ಲಿ ಹಿಂದೆ ಕೂತು ನೋಡುವುದು, ಮುಗಿದ ತಕ್ಷಣ ಐದು ನಿಮಿಷ ಮಾತು: ‘ಆ ಹುಡುಗಿ ಕೇಳಿದಾಗ ಪ್ರಶ್ನೆಯನ್ನು ಗುಂಪಿಗೇ ತಿರುಗಿಸಬಹುದಿತ್ತಲ್ಲ?’ ಒಂದೇ ದಿನದ ಉದ್ಘಾಟನಾ ತರಬೇತಿ ಕೊಟ್ಟು ಕೈತೊಳೆದುಕೊಂಡರೆ ಏನೂ ಉಳಿಯುವುದಿಲ್ಲ. ಲೀಡರ್‌ಗಳಿಗೆ ಸಂಭಾವನೆಯೂ ಬೇಕು. ಸರ್ಟಿಫಿಕೇಟಿನ ಮೇಲೆ ಮಾತ್ರ ನಡೆಸುವ ಕಾರ್ಯಕ್ರಮದಲ್ಲಿ ಮನೆಯ ಖರ್ಚಿಗೆ ದುಡಿಯಬೇಕಾದ ಬಡ ವಿದ್ಯಾರ್ಥಿ ಲೀಡರ್ ಆಗಲಾರ, ಅವನಂಥ ಜೂನಿಯರ್‌ಗಳಿಗೆ ಬೇಕಾಗಿರುವುದೋ ಅಂಥವನೇ.

ಎರಡನೆಯ ತೊಂದರೆ, ಜನ ಬರುವುದಿಲ್ಲ. ಆಗ ಕಾಲೇಜಿಗೆ ಮೊದಲು ಹೊಳೆಯುವುದು ಕಡ್ಡಾಯ ಮಾಡುವುದು. ವಿಟಿಯು ಕಾಲೇಜುಗಳಲ್ಲಿ ಶೇಕಡಾ 85 ಹಾಜರಿಯ ನಿಯಮದಡಿ ಬದುಕುವವರಿಗೆ ಕಡ್ಡಾಯವಲ್ಲದ್ದು ನಡೆಯುತ್ತದೆಂದು ನಂಬುವುದೇ ಕಷ್ಟ. ಆದರೆ ಕಡ್ಡಾಯ ಮಾಡಿದ ದಿನ ಅದು ಇನ್ನೊಂದು ಪೀರಿಯಡ್ ಆಗುತ್ತದೆ. ಮೊದಲು ವೇಳೆಯನ್ನು ನೋಡಬೇಕು. ಕೊನೆಯ ಬಸ್ ಐದಕ್ಕಿದ್ದು ಸೆಷನ್ ನಾಲ್ಕೂವರೆಗೆ ಇಟ್ಟರೆ ಹಳ್ಳಿಯಿಂದ ಬರುವವರು ಯಾರೂ ಉಳಿಯುವುದಿಲ್ಲ. ಮೊದಲ ವಾರದಲ್ಲೇ ಒಂದು ಚೀಟಿ ಹಂಚಿ ಯಾವ ವೇಳೆ ಆಗುತ್ತದೆಂದು ಕೇಳಬೇಕು, ಸಾಧ್ಯವಾದರೆ ಟೈಮ್‌ಟೇಬಲ್ಲಿನ ಖಾಲಿ ಪೀರಿಯಡ್ಡಿಗೇ ಹಾಕಬೇಕು. ಕೋಣೆಯ ಬೆಂಚುಗಳನ್ನು ಎಳೆದು ಮುಖಾಮುಖಿ ಕೂರುವಂತಿರಬೇಕು. ಪಾಠದ ಅಧ್ಯಾಪಕರು ತರಗತಿಯಲ್ಲಿ ಒಂದು ಮಾತು ಹೇಳಿದರೆ ಹತ್ತು ಪೋಸ್ಟರಿಗೆ ಸಮ. ಅವರು ‘ವೀಕ್ ಇರೋರು ಹೋಗಿ’ ಎಂದರೆ ಮಾತ್ರ ಎಲ್ಲವೂ ಮಣ್ಣುಪಾಲು.

ಫಲ ಸಿಗುತ್ತದೆಯೇ? 2014ರಲ್ಲಿ ಫಿಲಿಪ್ ಡಾಸನ್ ಮತ್ತು ಸಂಗಡಿಗರು 2001ರಿಂದ 2010ರವರೆಗಿನ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದರು. ಸೆಷನ್ನುಗಳಿಗೆ ಹೋದವರ ಸರಾಸರಿ ಗ್ರೇಡ್ ಹೆಚ್ಚು, ಫೇಲಾಗುವುದು ಮತ್ತು ಕೈಬಿಡುವುದು ಕಡಿಮೆ ಎಂಬುದು ಅಲ್ಲಿ ಕಂಡಿತು. ಅದನ್ನು ಓದುವಾಗ ಎಚ್ಚರ ಬೇಕು. ಇಷ್ಟಪಟ್ಟು ಬರುವವರು ಮೊದಲೇ ಛಲ ಇರುವವರಾಗಿದ್ದರೆ ಸೆಷನ್ ಇಲ್ಲದೆಯೂ ಅವರು ಮುಂದೆಯೇ ಇರುತ್ತಿದ್ದರು. ಆದ್ದರಿಂದ ನಮ್ಮ ಕಾಲೇಜಿನಲ್ಲಿ ಲೆಕ್ಕ ಹಾಕುವಾಗ ಬಂದವರನ್ನೂ ಬಾರದವರನ್ನೂ ಸುಮ್ಮನೆ ಎದುರುಬದುರು ನಿಲ್ಲಿಸಬಾರದು. ಪಿಯುಸಿಯಲ್ಲಿ ಒಂದೇ ಮಟ್ಟದ ಅಂಕ ತೆಗೆದವರನ್ನು ಒಂದು ಕಡೆ ಇಟ್ಟು, ಅವರೊಳಗೆ ಬಂದವರು, ಬಾರದವರು ಎಂದು ಹೋಲಿಸಬೇಕು. ಒಮ್ಮೆ ಬಂದು ಹೋದವರನ್ನೂ ಹತ್ತು ಸಲ ಬಂದವರನ್ನೂ ಒಂದೇ ಪಂಗಡಕ್ಕೆ ಸೇರಿಸಬಾರದು. ಇಡೀ ವಿಷಯದಲ್ಲಿ ಫೇಲಾದವರ ಪ್ರಮಾಣ ಹಿಂದಿನ ಮೂರ್ನಾಲ್ಕು ವರ್ಷಕ್ಕಿಂತ ಇಳಿಯಿತೇ ಎಂಬುದನ್ನೂ ಜೊತೆಗೆ ನೋಡಬೇಕು. ಇದಕ್ಕೆ ಯಾರು ಬಂದರು ಎಂಬ ದಾಖಲೆ ಬೇಕೇ ಬೇಕು, ಆದರೆ ಫಲಿತಾಂಶ ಬರುವ ತನಕ ಅದು ಅಧ್ಯಾಪಕರ ಕೈಗೆ ಹೋಗಬಾರದು.

ಕರ್ನಾಟಕದಲ್ಲಿ ಇದರಿಂದ ಇನ್ನೊಂದು ಲಾಭವಿದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಮುಂದೆ ಇಂಗ್ಲಿಷಿನಲ್ಲಿ ವಿಜ್ಞಾನ ಕೇಳುವ ವಿದ್ಯಾರ್ಥಿ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಅನುಮಾನ ಇರುತ್ತದೆ, ಅದನ್ನು ಕೇಳುವ ವಾಕ್ಯ ಇರುವುದಿಲ್ಲ. ಅದೇ ದಾರಿಯಲ್ಲಿ ಬಂದ ಸೀನಿಯರ್ ಎದುರು ಅವನು ‘ಅಕ್ಕಾ, ಈ ಡಿರೈವೇಟಿವ್ ಅಂದ್ರೆ ನಿಜವಾಗ್ಲೂ ಏನು?’ ಎಂದು ಕೇಳಬಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ ಕೋಣೆಗಳಲ್ಲಿ ಇಂಥ ಮಾತುಕತೆ ಈಗಲೂ ನಡೆಯುತ್ತದೆ. ಆದರೆ ಅದು ಹಾಸ್ಟೆಲಿನಲ್ಲಿ ಇರುವವರಿಗೆ, ಸೀನಿಯರ್ ಪರಿಚಯ ಇರುವವರಿಗೆ, ಅದೂ ಕೊನೆಯ ರಾತ್ರಿ ಮಾತ್ರ ಸಿಗುತ್ತದೆ.

ಶುರು ಮಾಡುವ ಕಾಲೇಜು ಒಂದೇ ವಿಷಯ ಹಿಡಿಯುವುದು ಒಳ್ಳೆಯದು, ಅತಿ ಹೆಚ್ಚು ಬ್ಯಾಕ್‌ಲಾಗ್ ಉಳಿಯುವ ವಿಷಯ. ಎರಡು ಸೆಕ್ಷನ್, ಇಬ್ಬರು ಲೀಡರ್, ಅವರನ್ನು ನೋಡಿಕೊಳ್ಳಲು ಅದೇ ವಿಭಾಗದವರಲ್ಲದ ಒಬ್ಬ ಅಧ್ಯಾಪಕರು. ವಾರಕ್ಕೊಮ್ಮೆ ಲೀಡರ್‌ಗಳು ಒಂದು ಹಾಳೆ ಬರೆದುಕೊಡಲಿ: ಈ ವಾರ ಯಾವ ಪ್ರಶ್ನೆ ಮತ್ತೆ ಮತ್ತೆ ಬಂತು, ಯಾವ ಹಂತದಲ್ಲಿ ಹೆಚ್ಚು ಮಂದಿ ನಿಂತರು. ಯಾರ ಹೆಸರೂ ಇಲ್ಲದ ಆ ಹಾಳೆ ಪಾಠ ಮಾಡುವ ಮೇಷ್ಟ್ರ ಮೇಜಿಗೆ ಸೋಮವಾರ ಬೆಳಿಗ್ಗೆ ತಲುಪಿದರೆ, ಆ ಹಂತವನ್ನು ಇನ್ನೊಮ್ಮೆ ನಿಧಾನವಾಗಿ ಮಾಡಲು ಅವರಿಗೆ ಆ ಸೆಮಿಸ್ಟರಿನಲ್ಲೇ ಸಮಯ ಇರುತ್ತದೆ.