ಆಸೋಪಾಲವದ ತೊಗಟೆ ಅಶೋಕವಲ್ಲ

ಅಹಮದಾಬಾದ್: ಹಬ್ಬಕ್ಕೆ ಗುಜರಾತಿನ ಮನೆಬಾಗಿಲಿಗೆ ತೋರಣವಾಗುವ ಆಸೋಪಾಲವದ ಎಲೆ ಇಲ್ಲಿನ ತುಳು-ಕನ್ನಡಿಗರಿಗೆ ಚಿರಪರಿಚಿತ. ಊರಿನಲ್ಲಿ ಕಂಬದ ಮರವೆನ್ನುವ ಇದನ್ನೇ ಹಲವರು ಅಶೋಕವೆಂದು ನಂಬಿದ್ದಾರೆ. ಆದರೆ ಮಹಿಳೆಯರ ಅತಿಸ್ರಾವಕ್ಕೆ ವೈದ್ಯರು ಕೊಡುವ ಅಶೋಕಾರಿಷ್ಟದ ಮರವೇ ಬೇರೆ. ಕಿತ್ತಳೆಗೆಂಪು ಹೂಗೊಂಚಲಿನ ಅದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ತೊಗಟೆಗಾಗಿ ಸುಲಿದು ಮರ ವಿರಳವಾದಂತೆ ಮೂಟೆಗೆ ಬೇರೆ ತೊಗಟೆ ಸೇರಿತು. ಬೆಂಗಳೂರಿನ ವಿಜ್ಞಾನಿಗಳೂ ಇದ್ದ ತಂಡವೊಂದು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಶೋಕವೆಂದು ಮಾರಿದ ಮಾದರಿಗಳ ಪೈಕಿ ಸುಮಾರು ಶೇ. 80ರಷ್ಟು ನಕಲಿಯೆಂದು ಕಂಡುಬಂತು. ಔಷಧಿ ನಂಬಿ ಕುಡಿದವಳ ಗತಿಯೇನು?

ಈ ಕಲಬೆರಕೆ ಹಿಡಿಯುವ ವಿದ್ಯೆ ಕಲಿಯಲು ಗುಜರಾತಿನಲ್ಲಿ ಅನುಕೂಲಗಳಿವೆ. ಅಹಮದಾಬಾದಿನಲ್ಲಿ 1947ರ ಎಲ್.ಎಂ. ಫಾರ್ಮಸಿ ಕಾಲೇಜು, 1989ರಲ್ಲಿ ಸ್ಥಾಪನೆಯಾದ ಥಲ್ತೇಜಿನ ಪರ್ಡ್ ಕೇಂದ್ರ ಇವೆ. ಸರಕಾರಿ ಆಹಾರ ಮತ್ತು ಔಷಧ ಪ್ರಯೋಗಾಲಯ ವಡೋದರಾದಲ್ಲಿದೆ. ಕ್ಯಾಷಿಯರ್ ಖೋಟಾ ನೋಟನ್ನು ಮೊದಲು ಬೆರಳಲ್ಲೇ ಗುರುತಿಸುವಂತೆ, ಇಲ್ಲಿಯೂ ಮೊದಲ ಪಾಠ ತೊಗಟೆಯ ಬಣ್ಣ, ಮುರಿತ, ವಾಸನೆ. ಪುಡಿಯಾಗಿದ್ದರೆ ಸೂಕ್ಷ್ಮದರ್ಶಕ ಬೇಕು. ಕುದಿಸಿದ ಕಷಾಯದಲ್ಲಿ ಡಿಎನ್‌ಎ ಛಿದ್ರವಾಗಿರುತ್ತದೆ. ಆಗ ಟಿಎಲ್‌ಸಿ ಫಲಕದ ಮೇಲೆ ಅಸಲಿ ಮಾದರಿಯ ಪಟ್ಟೆಗಳ ಪಕ್ಕದಲ್ಲೇ ಸಂಶಯದ ಮಾದರಿಯನ್ನೂ ಓಡಿಸಿ ತಾಳೆ ನೋಡುತ್ತಾರೆ.

ಮಂಡಿನೋವಿನ 'ಗಿಡಮೂಲಿಕೆ' ಪುಡಿಗಳಲ್ಲಿ ಸ್ಟಿರಾಯ್ಡ್ ಸಿಕ್ಕ ಉದಾಹರಣೆಗಳೂ ಉಂಟು. ಸೂರತ್ ಆಗಲಿ, ವಡೋದರಾ ಆಗಲಿ, ಡಬ್ಬಿಯ ಲೈಸೆನ್ಸ್ ಮತ್ತು ಬ್ಯಾಚ್ ಸಂಖ್ಯೆ ನೋಡಿ ಬಿಲ್ ಪಡೆದಿದ್ದರೆ, ರಾಜ್ಯದ ಆಹಾರ ಮತ್ತು ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಲು ಅದೇ ಆಧಾರ.