ಮಗು ಜೊತೆಯಲ್ಲೇ ಇದೆಯೇ?



ಕ್ರಿಸ್ತಜಯಂತಿಯ ನಂತರದ ಭಾನುವಾರ ಧರ್ಮಸಭೆಯು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತದೆ. ಮೂರು ವರ್ಷಕ್ಕೊಮ್ಮೆ ಅಂದು ನಾವು ಆಲಿಸುವ ಸಂತ ಲೂಕರ ಶುಭಸಂದೇಶದ ಭಾಗ (2:41-52) ಎಲ್ಲ ತಂದೆತಾಯಿಗಳ ಎದೆಯನ್ನು ತಟ್ಟುವಂಥದ್ದು. ಪಾಸ್ಕಹಬ್ಬ ಮುಗಿಸಿ ಊರಿಗೆ ಹೊರಟ ಮಾತೆ ಮರಿಯಮ್ಮನವರು ಮತ್ತು ಸಂತ ಜೋಸೆಫರು, ಹನ್ನೆರಡು ವರ್ಷದ ಯೇಸು ಯಾತ್ರಿಕರ ಗುಂಪಿನಲ್ಲೇ ಇರಬೇಕೆಂದು ತಿಳಿದು ಒಂದು ದಿನದ ದಾರಿ ನಡೆದುಬಿಟ್ಟರು. ಅವರೇನೂ ಅಸಡ್ಡೆಯ ತಂದೆತಾಯಿಗಳಲ್ಲ. ಆದರೂ 'ಜೊತೆಯಲ್ಲೇ ಇದ್ದಾನೆ' ಎಂಬ ಭರವಸೆಯೇ ಅವರನ್ನು ಮಗನಿಂದ ಒಂದು ದಿನದಷ್ಟು ದೂರ ಒಯ್ದಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಪಾಲಕರ ಶಿಬಿರ ನಡೆಸುವಾಗ ನಾವೂ ಇದೇ ತಪ್ಪು ಮಾಡುತ್ತೇವೆ. ಸಭಾಭವನ ತುಂಬಿತು, ಊಟ ಚೆನ್ನಾಗಿತ್ತು, ಕೊನೆಯಲ್ಲಿ ಕೊಟ್ಟ ಚೀಟಿಯಲ್ಲಿ ಎಲ್ಲರೂ 'ಬಹಳ ಉಪಯುಕ್ತ' ಎಂದು ಬರೆದರು. ಶಿಬಿರ ಯಶಸ್ವಿ ಎಂದು ನಾವು ವರದಿ ಬರೆದೆವು. ಕೆಲವು ದಿನಗಳ ಬಳಿಕ ಧರ್ಮೋಪದೇಶದ ತರಗತಿಯಲ್ಲಿ ಹುಡುಗನೊಬ್ಬ ಹೇಳಿದ: "ಶಿಬಿರದ ದಿನ ಪಪ್ಪಾ ಬಯ್ಯಲಿಲ್ಲ ಫಾದರ್. ಮರುದಿನದಿಂದ ಮೊದಲಿನ ಹಾಗೇ." ನಮ್ಮ ವರದಿಯಲ್ಲಿ ಆ ಹುಡುಗನಿಗೆ ಜಾಗವೇ ಇರಲಿಲ್ಲ.

ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಕ್ರೈಸ್ತ ಶಿಕ್ಷಣದ ಕುರಿತಾದ ಘೋಷಣೆಯಲ್ಲಿ ಸಾರಿತು. ದಿವಂಗತ ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬದ ಕುರಿತು ಬರೆದ 'ಅಮೋರಿಸ್ ಲೆತೀಸಿಯ' ಪತ್ರದಲ್ಲಿ, ಮಗು ಎಲ್ಲಿದೆ ಎಂಬುದಷ್ಟೇ ಅಲ್ಲ, ಅದರ ಮನಸ್ಸು ಎಲ್ಲಿದೆ ಎಂದೂ ಕೇಳಿಕೊಳ್ಳುವಂತೆ ಪಾಲಕರನ್ನು ಎಚ್ಚರಿಸಿದರು. ಪಾಲಕರಿಗೆ ತರಬೇತಿ ಸುಲಭವಾಗಿ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಹೇಳುತ್ತದೆ. ಆದ್ದರಿಂದ ಶಿಬಿರಗಳು ಬೇಕು. ಆದರೆ ಅವು ಫಲ ಕೊಟ್ಟವೇ ಎಂದು ತಿಳಿಯುವುದು ಹೇಗೆ?

ದಕ್ಷಿಣ ಆಫ್ರಿಕದ ಒಂದು ಅನುಭವ ನಮಗೆ ಪಾಠವಾಗಬಲ್ಲದು. ಅಲ್ಲಿನ ಈಸ್ಟರ್ನ್ ಕೇಪ್ ಪ್ರಾಂತದ 40 ಊರು-ಬಡಾವಣೆಗಳಲ್ಲಿ, ಹದಿಹರೆಯದ ಮಕ್ಕಳಿರುವ 552 ಬಡ ಕುಟುಂಬಗಳ ನಡುವೆ 14 ಪಾಠಗಳ ತರಬೇತಿಯೊಂದನ್ನು ಪರೀಕ್ಷಿಸಿದರು. ಕೆಲವು ಊರುಗಳಿಗೆ ತರಬೇತಿ ಸಿಕ್ಕಿತು, ಉಳಿದವುಗಳಿಗೆ ಸಿಗಲಿಲ್ಲ. ತಿಂಗಳುಗಳ ಬಳಿಕ ಎರಡೂ ಕಡೆ ವಿಚಾರಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದ ಪಾಲಕರು, ಮಕ್ಕಳನ್ನು ಹೊಡೆಯುವುದು ಬಹಳ ಕಡಿಮೆಯಾಗಿದೆ ಎಂದರು. ಆದರೆ ಮಕ್ಕಳನ್ನೇ ಕೇಳಿದಾಗ, ಪೆಟ್ಟಿನ ವಿಷಯದಲ್ಲಿ ಎರಡೂ ಕಡೆಯ ಊರುಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಪಾಲಕರು ಸುಳ್ಳು ಹೇಳಿದರೆಂದಲ್ಲ. ಒಳ್ಳೆಯ ಪಾಠ ಕೇಳಿದವರು ತಮ್ಮ ಸುಧಾರಣೆಯನ್ನು ಹಿಗ್ಗಿಸಿ ನೋಡುವುದು ಮನುಷ್ಯ ಸಹಜ. ಆ ಸಂಶೋಧಕರು ಮಕ್ಕಳನ್ನು ಕೇಳದೆ ಹೋಗಿದ್ದರೆ ಅರ್ಧ ಸತ್ಯವಷ್ಟೇ ಸಿಗುತ್ತಿತ್ತು.

ಇದನ್ನು ನಾವೂ ನಮ್ಮ ಮಟ್ಟಿಗೆ ಮಾಡಬಹುದು. ಶಿಬಿರಕ್ಕೆ ಮೊದಲು, ಮುಗಿದ ಮೇಲೆ, ಮತ್ತೆ ಆರು ತಿಂಗಳಿಗೆ, ಹೀಗೆ ಮೂರು ಸಲ ಅವೇ ಪ್ರಶ್ನೆಗಳನ್ನು ಪಾಲಕರನ್ನೂ ಮಕ್ಕಳನ್ನೂ ಬೇರೆ ಬೇರೆಯಾಗಿ ಕೇಳಬೇಕು. 'ನೀವು ಒಳ್ಳೆಯ ತಂದೆಯೇ?' ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಒಟ್ಟಿಗೆ ಕುಳಿತು ಊಟ ಮಾಡಿದಿರಿ? ಎಷ್ಟು ದಿನ ಮಗುವಿಗೆ ಪೆಟ್ಟು ಬಿತ್ತು? ಎಷ್ಟು ದಿನ ಶಾಲೆ ತಪ್ಪಿತು? ಇಂತಹ ಪ್ರಶ್ನೆಗಳಿಗೆ ಎಣಿಸಿ ಉತ್ತರ ಕೊಡಬಹುದು.

ಕೇಳುವವರು ಶಿಬಿರ ನಡೆಸಿದವರೇ ಆಗಿರಬಾರದು. ಗುರುಗಳ ಮುಂದೆ ನಿಂತು 'ನಿನ್ನೆ ಮಗಳನ್ನು ಹೊಡೆದೆ' ಎಂದು ಎಷ್ಟು ಜನ ಹೇಳಿಯಾರು? ಪ್ರಶ್ನೆ ಮನೆಮಾತಿನಲ್ಲಿರಬೇಕು. ಹಳಿಯಾಳ, ಮುಂಡಗೋಡದ ಸಿದ್ದಿ ಮಕ್ಕಳು ಮನೆಯಲ್ಲಿ ಆಡುವುದು ಕೊಂಕಣಿ; ಶಾಲೆಯ ಕನ್ನಡದಲ್ಲಿ ಕೇಳಿದರೆ 'ಹೌದು ಸರ್' ಎಂಬ ಉತ್ತರವಷ್ಟೇ ಬರುತ್ತದೆ. ಯಾರು ಬರಲಿಲ್ಲ ಎಂಬುದನ್ನೂ ಬರೆದಿಡಬೇಕು. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ಪಾಳಿಗೆ ಹೋದವರು, ಜೋಯಿಡಾದ ಕಾಡಿನ ಊರುಗಳಿಂದ ಬಸ್ಸು ಸಿಗದವರು, ಗೋವಾಕ್ಕೆ ದುಡಿಯಲು ಹೋದವರು ಭಾನುವಾರದ ಶಿಬಿರದಲ್ಲಿ ಕಾಣುವುದಿಲ್ಲ. ಅಂತಹ ಮನೆಗಳಲ್ಲಿ ಮಕ್ಕಳನ್ನು ಸಾಕುವವರು ಅಜ್ಜಿಯಂದಿರು. ಅವರನ್ನೂ ಪಾಲಕರೆಂದೇ ಎಣಿಸಬೇಕು.

ಹೋಲಿಕೆಯೂ ಬೇಕು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಬಂದಾಗಲೂ, ಗೋವಾದಿಂದ ತಂದೆ ಮರಳಿದಾಗಲೂ ಮನೆಯಲ್ಲಿ ಜಗಳ ಕಡಿಮೆಯಾಗುತ್ತದೆ. ಅದನ್ನು ಶಿಬಿರದ ಫಲವೆನ್ನಲಾಗದು. ಆದ್ದರಿಂದ ಎರಡು ತಾಲೂಕುಗಳಲ್ಲಿ ಮೊದಲು, ಇನ್ನೆರಡರಲ್ಲಿ ಆರು ತಿಂಗಳ ನಂತರ ಶಿಬಿರ ಆರಂಭಿಸಿ, ನಾಲ್ಕೂ ಕಡೆ ಒಂದೇ ಸಮಯದಲ್ಲಿ ಪ್ರಶ್ನೆ ಕೇಳಿದರೆ ನಿಜವಾದ ವ್ಯತ್ಯಾಸ ಕಾಣುತ್ತದೆ. ಯಾವ ಕುಟುಂಬಕ್ಕೂ ಶಿಬಿರ ತಪ್ಪುವುದಿಲ್ಲ.

ಒಂದು ಎಚ್ಚರಿಕೆ. ಚೀಟಿಯಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ. ಯಾರ ಮನೆಯ ಉತ್ತರವೂ ಪ್ರಬೋಧನೆಯಲ್ಲಿ ಕೇಳಿಬರಬಾರದು. ಮಗು ಹೇಳಿದ್ದು ಅದರ ಬೆನ್ನಿಗೆ ಪೆಟ್ಟಾಗಿ ಮರಳಬಾರದು. ಆದರೆ ಮಗು ಅಪಾಯದಲ್ಲಿದೆ ಎಂದು ತಿಳಿದಾಗ ಗುಟ್ಟು ಕಾಯುವುದು ಪಾಪ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.

ಪ್ರಿಯರೇ, ಹೀಗೆ ಅಳೆದಾಗ ನಮ್ಮ ಶಿಬಿರ ಸೋತಿತೆಂದು ತಿಳಿಯಬಹುದು. ಪಾಪನಿವೇದನೆಗೆ ಮುನ್ನ ಆತ್ಮಪರಿಶೋಧನೆ ಮಾಡುವ ನಾವು ಇದಕ್ಕೆ ಹೆದರಬೇಕಿಲ್ಲ. ಮರಿಯಮ್ಮ ಮತ್ತು ಜೋಸೆಫರು ಗುಂಪಿನಲ್ಲಿ ಮಗನಿಲ್ಲವೆಂದು ತಿಳಿದೊಡನೆ ಹಿಂದಿರುಗಿ ಹುಡುಕಿದರು. ಮೂರನೆಯ ದಿನ ದೇವಾಲಯದಲ್ಲಿ ಕಂಡು, ತಾಯಿ ಕೇಳಿದರು, ಮಗ ಉತ್ತರಿಸಿದ. ಆ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆದರೂ ತಾಯಿ ಅದನ್ನು ತಳ್ಳಿಹಾಕದೆ ಹೃದಯದಲ್ಲಿ ಇಟ್ಟುಕೊಂಡರು. ಸಂತ ಲೂಕರು ಈ ಘಟನೆಯನ್ನು ಮುಗಿಸುವುದು ತಂದೆತಾಯಿಗಳ ಹೊಗಳಿಕೆಯಿಂದಲ್ಲ. ಮಗು ಜ್ಞಾನದಲ್ಲಿ, ದೇಹದಲ್ಲಿ, ದೇವರ ಮತ್ತು ಜನರ ಒಲವಿನಲ್ಲಿ ಬೆಳೆಯಿತೆಂಬ ಮಾತಿನಿಂದ. ನಮ್ಮ ಶಿಬಿರಗಳಿಗೂ ಅದೇ ಅಳತೆಗೋಲಾಗಲಿ.

ಈ ಹಬ್ಬದ ರಾತ್ರಿ ಜಪಮಾಲೆ ಮುಗಿದ ಮೇಲೆ ನಿಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು, "ನಮ್ಮ ಮನೆಯಲ್ಲಿ ಏನು ಬದಲಾಗಬೇಕು?" ಎಂದು ಕೇಳಿ. ಉತ್ತರ ಪೂರ್ತಿಯಾಗುವವರೆಗೆ ಸುಮ್ಮನಿರಿ. ಪವಿತ್ರ ಕುಟುಂಬವು ನಮ್ಮೆಲ್ಲ ಕುಟುಂಬಗಳನ್ನು ಹರಸಲಿ. ಆಮೆನ್.