ಗಲ್ಲಾಪೆಟ್ಟಿಗೆ, ಉದ್ರಿ ಪುಸ್ತಕ ಮತ್ತು ಮೊಬೈಲು

ವಿದ್ಯಾರ್ಥಿಗಳೇ, ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಸೋಲಾಪುರದ ಕಡೆಯಿಂದ ಬೀದರ್ ಜಿಲ್ಲೆಗೆ ಬಂದರೆ ಮೊದಲು ಬಸವಕಲ್ಯಾಣದ ಅಡ್ಡರಸ್ತೆ, ಮುಂದೆ ಹುಮನಾಬಾದ್ ಸಿಗುತ್ತವೆ. ದಾರಿಯುದ್ದಕ್ಕೂ ಲಾರಿ ಗ್ಯಾರೇಜು, ಟೈರು ಅಂಗಡಿ, ಚಹಾ ಹೋಟೆಲುಗಳು. ಇಲ್ಲಿನ ಗಿರಾಕಿಗಳಲ್ಲಿ ಅನೇಕರು ಮಹಾರಾಷ್ಟ್ರ, ತೆಲಂಗಾಣದವರು. ಊರೊಳಗಿನ ಕಿರಾಣಿ ಅಂಗಡಿಯಲ್ಲಾದರೋ ಗುರುತಿನವರದೇ ವ್ಯವಹಾರ. ಉದ್ರಿ ಪುಸ್ತಕವಿಲ್ಲದೆ ಅದು ನಡೆಯುವುದಿಲ್ಲ. ಇಂಥ ಸಣ್ಣ ವ್ಯಾಪಾರಕ್ಕೆ ಆರ್ಥಿಕ ಸಂಕಷ್ಟ ಬಂದಾಗ ಮೊಬೈಲಿನ ಹಣಕಾಸು ತಂತ್ರಜ್ಞಾನ ಏನು ಮಾಡಬಲ್ಲದು, ಏನು ಮಾಡಲಾರದು?

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇಕಡಾ 86ರಷ್ಟು ಆ ಎರಡು ನೋಟುಗಳದೇ ಆಗಿತ್ತು. ಬೀದರ್ ಸೀಮೆಯಲ್ಲಿ ಸೋಯಾಬೀನ್ ರಾಶಿ ಮುಗಿದು ರೈತನ ಕೈಗೆ ದುಡ್ಡು ಬರುವ ಕಾಲ ಅದು. ಸರಕೂ ಇತ್ತು, ಕೊಳ್ಳುವವರೂ ಇದ್ದರು. ಹಣ ಕೈಬದಲಾಗುವ ದಾರಿ ಮಾತ್ರ ಮುಚ್ಚಿಹೋಗಿತ್ತು. ಯುಪಿಐ ಆಗ ಹಸುಗೂಸು. ಅದರ ಆ್ಯಪ್‌ಗಳು ಜನರ ಕೈಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ.

ಯುಪಿಐ ಕೆಲಸ ಮಾಡುವ ಬಗೆ ಸರಳವಾದದ್ದು. ಅಂಗಡಿಯ ಮುಂದೆ ಅಂಟಿಸಿದ ಕ್ಯೂಆರ್ ಚೀಟಿಯಲ್ಲಿ ಹಣವಿಲ್ಲ, ಬರೀ ವಿಳಾಸವಿದೆ. ಗಿರಾಕಿ ಅದನ್ನು ಮೊಬೈಲಿನಿಂದ ಓದಿಸಿ ತನ್ನ ಪಿನ್ ಒತ್ತುತ್ತಾನೆ. ರಾಷ್ಟ್ರೀಯ ಪಾವತಿ ನಿಗಮದ ಗಣಕ ವ್ಯವಸ್ಥೆಯು ಅವನ ಬ್ಯಾಂಕನ್ನೂ ಅಂಗಡಿಯವನ ಬ್ಯಾಂಕನ್ನೂ ಕೆಲವೇ ಸೆಕೆಂಡುಗಳಲ್ಲಿ ಮಾತನಾಡಿಸುತ್ತದೆ. ಒಂದು ಖಾತೆಯಲ್ಲಿ ಕಳೆದದ್ದು ಇನ್ನೊಂದರಲ್ಲಿ ಕೂಡುತ್ತದೆ. ಪಿನ್ ಬೇಕಾಗುವುದು ಕೊಡುವವನಿಗೆ, ಪಡೆಯುವವನಿಗಲ್ಲ. ‘ಹಣ ಬರಬೇಕಾದರೆ ಪಿನ್ ಒತ್ತಿ’ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಅದು ಮೋಸ ಎಂದು ಮನೆಯ ಹಿರಿಯರಿಗೆ ತಿಳಿಸಿ.

ಎರಡನೆಯ ಸಂಕಷ್ಟ ಬೇರೆ ಜಾತಿಯದು. 2020ರ ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್. ನೋಟನ್ನು ಮುಟ್ಟಲು ಜನ ಅಂಜುತ್ತಿದ್ದ ದಿನಗಳವು. ಯುಪಿಐ ಬಳಕೆ ಏರಿರಬೇಕು ಎಂದು ನಿಮಗನ್ನಿಸಬಹುದು. ಆದದ್ದು ತಿರುಗಾಮುರುಗಾ. ಫೆಬ್ರವರಿಯಲ್ಲಿ ಸುಮಾರು 132 ಕೋಟಿಯಿದ್ದ ವಹಿವಾಟುಗಳ ಸಂಖ್ಯೆ ಏಪ್ರಿಲ್‌ನಲ್ಲಿ 100 ಕೋಟಿಗೆ ಇಳಿಯಿತು. ಅಂಗಡಿಯೇ ಮುಚ್ಚಿದ್ದರೆ ಕ್ಯೂಆರ್ ಚೀಟಿ ಗೋಡೆಯ ಮೇಲಿದ್ದೇನು ಫಲ? ಬೀಗ ತೆಗೆದ ಮೇಲೆ ಅಕ್ಟೋಬರ್ ಹೊತ್ತಿಗೆ ಅದೇ ಸಂಖ್ಯೆ 200 ಕೋಟಿ ದಾಟಿತು. ಈ ಯಂತ್ರ ಹಣವನ್ನು ಸಾಗಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ.

ಬಾಗಿಲು ತೆರೆದ ಅಂಗಡಿಗೆ ಬೇಕಾದದ್ದು ಮತ್ತೆ ಸರಕು ತುಂಬಲು ಬಂಡವಾಳ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 3 ಲಕ್ಷ ಕೋಟಿಯ ತುರ್ತು ಸಾಲ ಖಾತರಿ ಯೋಜನೆ ದೊಡ್ಡದೇ. ಆದರೆ ಅದು ಆಗಲೇ ಬ್ಯಾಂಕ್ ಸಾಲವಿದ್ದವರಿಗೆ, ಆ ಸಾಲದ ಬಾಕಿಯ ಲೆಕ್ಕದ ಮೇಲೆ ಸಿಗುವಂಥದು. ಬ್ಯಾಂಕಿನ ಸಾಲದ ಮೆಟ್ಟಿಲನ್ನೇ ಹತ್ತದ ತಳ್ಳುಗಾಡಿಯವನಿಗೆ ಅದರಿಂದೇನು ಬಂತು? ಅವನಿಗಾಗಿ ಜೂನ್‌ನಲ್ಲಿ ಬಂದದ್ದು ಪಿಎಂ ಸ್ವನಿಧಿ. ಜಾಮೀನಿಲ್ಲದೆ ಮೊದಲು 10,000 ರೂಪಾಯಿ. ಸರಿಯಾಗಿ ಕಂತು ಕಟ್ಟಿದರೆ 20,000, ಆಮೇಲೆ 50,000. ಮೊಬೈಲಿನಲ್ಲಿ ವ್ಯವಹರಿಸಿದರೆ ತಿಂಗಳಿಗೆ 100 ರೂಪಾಯಿವರೆಗೆ ಪ್ರೋತ್ಸಾಹಧನ. 2025ರ ಆಗಸ್ಟ್‌ನಲ್ಲಿ ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿ, ಮೊದಲೆರಡು ಸಾಲಗಳನ್ನು 15,000 ಮತ್ತು 25,000ಕ್ಕೆ ಏರಿಸಲಾಯಿತು. ಪುರಸಭೆ, ನಗರಸಭೆಗಳು ಕೊಡುವ ಬೀದಿ ವ್ಯಾಪಾರಿಯ ಗುರುತಿನ ಚೀಟಿ ಇದಕ್ಕೆ ಮುಖ್ಯ ದಾಖಲೆ.

ಅಂಗಡಿಯ ಬರಹೋಗು ಈಗ ಬ್ಯಾಂಕಿನ ದಾಖಲೆಯಲ್ಲೂ ಇರುತ್ತದೆ. ಉದ್ರಿ ಪುಸ್ತಕವನ್ನು ಅಂಗಡಿಯವನೊಬ್ಬನೇ ನಂಬಬೇಕಿತ್ತು. ಖಾತೆಗೆ ದಿನವೂ ಬೀಳುವ ಹತ್ತು, ಇಪ್ಪತ್ತು ರೂಪಾಯಿಗಳನ್ನು ಸಾಲ ಕೊಡುವವನೂ ಓದಬಲ್ಲ, ಇವನ ವ್ಯಾಪಾರ ಎಷ್ಟೆಂದು ಅಂದಾಜು ಮಾಡಬಲ್ಲ. ನನ್ನ ದೃಷ್ಟಿಯಲ್ಲಿ, ಚಿಲ್ಲರೆ ತಾಪತ್ರಯ ತಪ್ಪಿದ್ದಕ್ಕಿಂತ ದೊಡ್ಡ ಲಾಭ ಇದು.

ಆದರೆ ಅದೇ ದಾಖಲೆಯನ್ನು ತೆರಿಗೆ ಇಲಾಖೆಯೂ ಓದುತ್ತದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ನೀಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸು ಹೋಯಿತು. ಬೆಂಗಳೂರಿನ ಹಲವು ಅಂಗಡಿಗಳು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬರೆದು ಹಾಕಿದವು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿಗಳು ಅದೇ ತಿಂಗಳು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು.

ಜಮೆಯಾದದ್ದೆಲ್ಲ ವ್ಯಾಪಾರವಲ್ಲ. ಅಳಿಯ ಕಳಿಸಿದ ಕೈಗಡ, ಮಗಳ ಮದುವೆಗೆ ಬಂದ ಮುಯ್ಯಿ, ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಹೊರಗಿನಿಂದ ನೋಡುವವರಿಗೆ ಮಾರಾಟದಂತೆಯೇ ಕಾಣುತ್ತದೆ. ಅಂಗಡಿಗೊಂದು, ಮನೆಗೊಂದು ಖಾತೆ ಇಟ್ಟು, ಖರೀದಿಯ ಬಿಲ್ಲುಗಳನ್ನು ತಿಂಗಳವಾರು ಜೋಡಿಸಿಟ್ಟರೆ ಉತ್ತರ ಕೊಡುವುದು ಸುಲಭ. ನಿಮ್ಮ ಮನೆಯವರದೇ ಅಂಗಡಿಯಿದ್ದರೆ ಈ ವಾರ ಅವರ ಖಾತೆ ಪುಸ್ತಕ ತೆರೆದು, ಒಂದು ತಿಂಗಳ ಜಮೆಯಲ್ಲಿ ವ್ಯಾಪಾರದ್ದು ಎಷ್ಟು, ಮನೆಯದು ಎಷ್ಟು ಎಂದು ಅವರೊಡನೆ ಕೂತು ಲೆಕ್ಕ ಹಾಕಿ ನೋಡಿ.